ಹಳೆಯ ಶಾಲೆಗೆ ಹೋಗಿಬಂದ ಮೇಲಿನ ತಳಮಳ

ಪ್ರಶ್ನೆ: ನನಗೆ 26 ವರ್ಷ. ಶಿರಸಿಯಿಂದ ಕುಮಟಾದ ಕಡೆಗೆ ಘಟ್ಟ ಇಳಿಯುವ ಮೊದಲು ಸಿಗುವ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು. ಹೈಸ್ಕೂಲು, ಕಾಲೇಜು ಶಿರಸಿಯಲ್ಲಿ ಮುಗಿಸಿ ನಾಲ್ಕು ವರ್ಷಗಳಿಂದ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ದೊಡ್ಡಹಬ್ಬಕ್ಕೆ (ದೀಪಾವಳಿಗೆ) ಊರಿಗೆ ಬಂದಾಗ ಇನ್ನೆರಡು ದಿನ ರಜೆ ಹಾಕಿ, ಶನಿವಾರ ಬೆಳಗಿನ ಶಾಲೆಯ ಹೊತ್ತಿಗೆ ಅಲ್ಲಿಗೆ ಹೋದೆ. ನಾವಿದ್ದಾಗ ಅರವತ್ತಕ್ಕೂ ಹೆಚ್ಚು ಮಕ್ಕಳಿದ್ದಲ್ಲಿ ಈಗ 13 ಮಕ್ಕಳಿದ್ದಾರೆ. ನಮ್ಮ ಮಾಸ್ತರು, ಅಕ್ಕೋರು ಯಾರೂ ಉಳಿದಿಲ್ಲ. ಹೊಸ ಅಕ್ಕೋರು ‘ಯಾರು ಬೇಕಾಗಿತ್ತು?’ ಎಂದು ಕೇಳಿದಾಗ ನನಗೆ ಉತ್ತರವೇ ಹೊಳೆಯಲಿಲ್ಲ. ಜಗಲಿ, ಅಂಗಳ, ಕೋಣೆ ಎಲ್ಲವೂ ಚಿಕ್ಕದಾಗಿ ಕಂಡವು. ಬೆಂಚಿನ ಮೇಲೆ ಕೂತಾಗ ಎಂದೂ ನೆನಪಾಗದಿದ್ದ ಸಂಗತಿಗಳೆಲ್ಲ ನುಗ್ಗಿ ಬಂದು ಅತ್ತುಬಿಟ್ಟೆ. ಬೆಂಗಳೂರಿಗೆ ಮರಳಿ ಮೂರು ವಾರವಾದರೂ ಮನಸ್ಸು ಅಲ್ಲಿಯೇ ಇದೆ. ಗೆಳತಿಯರು ‘ಇದೆಲ್ಲ ಅರವತ್ತು ದಾಟಿದ ಮೇಲೆ’ ಎಂದು ನಗುತ್ತಾರೆ. ಇದು ಮನಸ್ಸಿನ ದೌರ್ಬಲ್ಯವೇ? ಮತ್ತೊಮ್ಮೆ ಹೋಗಲೇ, ಇಲ್ಲವೇ ಅದನ್ನು ಅಲ್ಲಿಗೇ ಬಿಡಲೇ?

ಉತ್ತರ: ಇದು ದೌರ್ಬಲ್ಯವಲ್ಲ, ಕಾಯಿಲೆಯೂ ಅಲ್ಲ, ಹಾಗೆಂದು ‘ಎಲ್ಲರಿಗೂ ಹೀಗೇ ಆಗುತ್ತದೆ’ ಎಂದು ಹೇಳಿ ನಿಮ್ಮನ್ನು ಕಳಿಸಿಬಿಡುವಷ್ಟು ಸಣ್ಣ ಸಂಗತಿಯೂ ಅಲ್ಲ. ನಿಮ್ಮ ಪತ್ರದಲ್ಲಿ ಕಟ್ಟಡದ ಬಗ್ಗೆ ಇರುವ ಮಾತುಗಳು ಹೆಚ್ಚು, ಆದರೆ ನೋವು ಇರುವುದು ಆ ಒಂದು ಸಾಲಿನಲ್ಲಿ: ‘ಯಾರು ಬೇಕಾಗಿತ್ತು?’ ಎಂಬ ಪ್ರಶ್ನೆಗೆ ಉತ್ತರ ಹೊಳೆಯದೆ ನಿಂತದ್ದು. ಉಳಿದ ಪ್ರಶ್ನೆಗಳಿಗೆ ಮನೋವಿಜ್ಞಾನದಲ್ಲಿ ಸಾಕಷ್ಟು ಸ್ಪಷ್ಟವಾದ ವಿವರಣೆಗಳಿರುವುದರಿಂದ ಅವನ್ನು ಮೊದಲು ಹೇಳಿ, ಆಮೇಲೆ ಆ ಸಾಲಿಗೆ ಬರುತ್ತೇನೆ.

ಹಳೆಯದರ ಹಂಬಲವನ್ನು, ಅಂದರೆ ಹಳಹಳಿಕೆಯನ್ನು, ನಿಜವಾಗಿಯೂ ಕಾಯಿಲೆಯೆಂದು ತಿಳಿದಿದ್ದ ಕಾಲವೊಂದಿತ್ತು. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿಯು ಮನೆಯಿಂದ ದೂರವಿದ್ದವರನ್ನು ಕಾಡುವ ಈ ಹಂಬಲದ ಬಗ್ಗೆ ಪ್ರಬಂಧ ಬರೆದು, ಅದನ್ನೊಂದು ರೋಗವೆಂದೇ ವರ್ಣಿಸಿದ್ದನು. ಪರದೇಶದ ಸೈನ್ಯಗಳಲ್ಲಿ ದುಡಿಯುತ್ತಿದ್ದ ಸ್ವಿಸ್ ಸೈನಿಕರಿಗೆ ತಗಲುವ ರೋಗವೆಂದು ಅದು ಬಹುಕಾಲ ಹೆಸರಾಗಿತ್ತು. ಇಂದಿನ ಸಂಶೋಧನೆ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದ ಚಿತ್ರವನ್ನು ಕೊಡುತ್ತದೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಟಿಮ್ ವೈಲ್ಡ್‌ಶುಟ್, ಕಾನ್‌ಸ್ಟಂಟೈನ್ ಸೆಡಿಕಿಡಿಸ್ ಮತ್ತು ಅವರ ಸಹೋದ್ಯೋಗಿಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನಗಳ ಪ್ರಕಾರ, ಜನ ಇಂಥ ನೆನಪುಗಳ ಕಡೆಗೆ ಹೊರಳುವುದು ಹೆಚ್ಚಾಗಿ ಮನಸ್ಸು ಕುಗ್ಗಿದಾಗ, ಅದರಲ್ಲೂ ಒಂಟಿತನ ಕಾಡುವಾಗ. ಹಾಗೆ ನೆನೆದ ಬಳಿಕ ತನಗೂ ತನ್ನವರಿದ್ದಾರೆ ಎಂಬ ಭಾವನೆ ಅವರಲ್ಲಿ ಹೆಚ್ಚುತ್ತದೆ. ಅಂದರೆ, ಶಾಲೆಯ ನೆನಪು ನಿಮಗೆ ಬೇಸರ ತಂದಿತು ಎಂದು ನೀವು ತಿಳಿದಿದ್ದೀರಿ. ಮೊದಲೇ ಇದ್ದ ಬೇಸರವೇ ನಿಮ್ಮನ್ನು ಶಾಲೆಗೆ ಕರೆದೊಯ್ದಿರುವ ಸಾಧ್ಯತೆಯೂ ಇದೆ. ಹಬ್ಬಕ್ಕೆ ಬಂದವಳು ರಜೆ ಮುಂದುವರಿಸಿ ಶಾಲೆ ನಡೆಯುವ ದಿನವನ್ನೇ ಆರಿಸಿಕೊಂಡು ಹೋದದ್ದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ.

ನಿಮ್ಮ ಗೆಳತಿಯರ ಮಾತಿನಲ್ಲಿ ಅರ್ಧ ಸತ್ಯವಿದೆ. ನಲವತ್ತು, ಐವತ್ತು ದಾಟಿದವರಿಗೆ ತಮ್ಮ ಬದುಕಿನ ಘಟನೆಗಳನ್ನು ಹೇಳಿ ಎಂದು ಕೇಳಿದರೆ, ಅವರು ಹೇಳುವ ನೆನಪುಗಳಲ್ಲಿ ಸುಮಾರು ಹತ್ತರಿಂದ ಮೂವತ್ತರ ವಯಸ್ಸಿನವು ಉಳಿದ ಅವಧಿಗಳಿಗಿಂತ ಎದ್ದು ಕಾಣುವಷ್ಟು ಹೆಚ್ಚಿರುತ್ತವೆ. ಇದು ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿ. ಮೊದಲ ಗೆಳೆತನ, ಮೊದಲ ಸೋಲು, ಮನೆ ಬಿಟ್ಟು ಹೊರಟ ಮೊದಲ ದಿನ, ಮೊದಲ ಸಂಬಳ ಇವೆಲ್ಲ ಆ ಅವಧಿಯಲ್ಲೇ ಒತ್ತೊತ್ತಾಗಿ ಬರುವುದು ಇದಕ್ಕೆ ಒಂದು ಕಾರಣವಾದರೆ, ‘ನಾನು ಯಾರು’ ಎಂಬ ಕಥೆಯನ್ನು ಮನಸ್ಸು ಕಟ್ಟಿಕೊಳ್ಳುವುದು ಆಗಲೇ ಎಂಬುದು ಇನ್ನೊಂದು ಕಾರಣ. ಆದರೆ ಆ ಕಥೆಯನ್ನು ಅರವತ್ತರಲ್ಲಿ ಓದುವವರಿದ್ದಾರೆಂದರೆ ಇಪ್ಪತ್ತಾರರಲ್ಲಿ ಅದನ್ನು ಬರೆಯುವವರೂ ಇರಬೇಕಷ್ಟೆ. ಹಳಹಳಿಕೆಯ ಬಗ್ಗೆ ನಡೆದಿರುವ ಅಧ್ಯಯನಗಳಲ್ಲಿ ಬಹಳಷ್ಟಕ್ಕೆ ಉತ್ತರ ಕೊಟ್ಟವರು ಇಪ್ಪತ್ತರ ಆಸುಪಾಸಿನ ಕಾಲೇಜು ವಿದ್ಯಾರ್ಥಿಗಳೇ ಆಗಿದ್ದಾರೆ ಎಂಬುದನ್ನು ಗೆಳತಿಯರಿಗೆ ತಿಳಿಸಬಹುದು.

ಶಾಲೆ ಚಿಕ್ಕದಾಗಿ ಕಂಡದ್ದಕ್ಕೆ ಮೊದಲ ಕಾರಣ ನಿಮ್ಮ ಎತ್ತರ. ಒಂದನೇ ತರಗತಿಗೆ ಸೇರುವ ಮಗುವಿನ ಎತ್ತರ ಸುಮಾರು 110ರಿಂದ 115 ಸೆಂಟಿಮೀಟರ್ ಇರುತ್ತದೆ. ಜಗಲಿಯ ಕಟ್ಟೆ ಅದರ ಸೊಂಟಕ್ಕೆ ಬರುತ್ತದೆ, ಕಿಟಕಿಯ ಸರಳುಗಳ ಆಚೆ ನೋಡಲು ತುದಿಗಾಲಿನಲ್ಲಿ ನಿಲ್ಲಬೇಕಾಗುತ್ತದೆ. ನಾವು ಸುತ್ತಲಿನ ವಸ್ತುಗಳ ಗಾತ್ರವನ್ನು ಅಳೆಯುವುದು ನಮ್ಮ ದೇಹವನ್ನೇ ಅಳತೆಗೋಲಾಗಿ ಇಟ್ಟುಕೊಂಡು ಎಂಬುದನ್ನು ಸ್ಟಾಕ್‌ಹೋಮ್‌ನ ಕರೋಲಿನ್‌ಸ್ಕಾ ಸಂಸ್ಥೆಯ ಸಂಶೋಧಕರು 2011ರಲ್ಲಿ ಸೊಗಸಾಗಿ ತೋರಿಸಿದರು. ವಿಶೇಷ ಕನ್ನಡಕದ ಮೂಲಕ ಗೊಂಬೆಯೊಂದರ ದೇಹವನ್ನೇ ತಮ್ಮ ದೇಹವೆಂದು ಭಾವಿಸುವಂತೆ ಮಾಡಿದಾಗ, ಸಣ್ಣ ಗೊಂಬೆಯ ದೇಹದಲ್ಲಿದ್ದವರಿಗೆ ಎದುರಿನ ವಸ್ತುಗಳು ಇರುವುದಕ್ಕಿಂತ ದೊಡ್ಡದಾಗಿಯೂ ದೂರವಾಗಿಯೂ ಕಂಡವು. ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ: ನೀವು ಶಾಲೆ ಬಿಟ್ಟದ್ದು ಹನ್ನೆರಡು ಹದಿಮೂರರ ವಯಸ್ಸಿನಲ್ಲಿ, ಆಗಲೇ ನೀವು ಈಗಿನ ಎತ್ತರಕ್ಕೆ ಹತ್ತಿರ ಬಂದಿರಬೇಕು. ಆದರೂ ಮನಸ್ಸು ಉಳಿಸಿಕೊಂಡದ್ದು ಏಳನೇ ತರಗತಿಯ ಹುಡುಗಿ ಕಂಡ ಶಾಲೆಯನ್ನಲ್ಲ, ಒಂದು ಎರಡನೇ ತರಗತಿಯಲ್ಲಿ ಬೆದರಿ ಒಳಗೆ ಬಂದವಳು ಕಂಡ ಶಾಲೆಯನ್ನು. ದಿನವೂ ನೋಡುತ್ತಿದ್ದಾಗ ಆ ಚಿತ್ರವನ್ನು ತಿದ್ದಿಕೊಳ್ಳುವ ಅಗತ್ಯ ಬೀಳಲಿಲ್ಲ. ನಡುವೆ ಹದಿಮೂರು ಹದಿನಾಲ್ಕು ವರ್ಷ ಬಿಟ್ಟು ಬಂದಾಗ ತಿದ್ದುಪಡಿಯೆಲ್ಲ ಒಂದೇ ಗಳಿಗೆಯಲ್ಲಿ ಆಯಿತು. ಬೆಂಗಳೂರಿನ ಕಟ್ಟಡಗಳೂ ನಿಮ್ಮ ಕಣ್ಣಿನ ಅಳತೆಯನ್ನು ಬದಲಾಯಿಸಿವೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಬೆಂಚಿನ ಮೇಲೆ ಕೂತೊಡನೆ ನೆನಪುಗಳು ನುಗ್ಗಿಬಂದದ್ದು ಇನ್ನೂ ಸ್ವಾರಸ್ಯದ ವಿಷಯ. ಯಾವ ಸ್ಥಳದಲ್ಲಿ ಒಂದು ವಿಷಯವನ್ನು ಕಲಿತಿರುತ್ತೇವೆಯೋ ಅದೇ ಸ್ಥಳದಲ್ಲಿ ಅದು ಸುಲಭವಾಗಿ ನೆನಪಿಗೆ ಬರುತ್ತದೆ. 1975ರಲ್ಲಿ ಗಾಡನ್ ಮತ್ತು ಬ್ಯಾಡ್ಲಿ ಎಂಬ ಬ್ರಿಟಿಷ್ ಮನೋವಿಜ್ಞಾನಿಗಳು ಮುಳುಗುಗಾರರಿಗೆ ಕೆಲವು ಪದಗಳ ಪಟ್ಟಿಯನ್ನು ನೀರಿನೊಳಗೂ ಇನ್ನು ಕೆಲವನ್ನು ದಡದಲ್ಲೂ ಕಲಿಸಿದಾಗ, ನೀರಿನಲ್ಲಿ ಕಲಿತದ್ದು ನೀರಿನಲ್ಲಿಯೂ ದಡದಲ್ಲಿ ಕಲಿತದ್ದು ದಡದಲ್ಲಿಯೂ ಹೆಚ್ಚು ನೆನಪಾಯಿತು. ನಿಮ್ಮ ಬೆಂಚು, ಕರಿಹಲಗೆಯ ಕಡೆಗಿನ ಆ ಓರೆನೋಟ, ಹಂಚಿನ ಸಂದಿಯಿಂದ ಬೀಳುವ ಬಿಸಿಲು ಇವೆಲ್ಲ ನೀವು ಗಮನಿಸದೆಯೇ ಕಟ್ಟಿಕೊಂಡಿದ್ದ ಗಂಟುಗಳು. ವಾಸನೆಯ ಪಾತ್ರ ಇಲ್ಲಿ ಇನ್ನೂ ಪ್ರಬಲವಾದದ್ದು. ನೋಟ ಮತ್ತು ಶಬ್ದಗಳು ಮೆದುಳಿನ ಥಾಲಮಸ್ ಎಂಬ ಭಾಗವನ್ನು ಹಾದು ಮುಂದೆ ಹೋಗುತ್ತವೆ. ವಾಸನೆಯ ಸಂದೇಶವಾದರೋ ಆ ದಾರಿ ಹಿಡಿಯದೆ, ಭಾವನೆ ಮತ್ತು ನೆನಪಿಗೆ ಸಂಬಂಧಿಸಿದ ಭಾಗಗಳನ್ನು ಹೆಚ್ಚು ನೇರವಾಗಿ ಮುಟ್ಟುತ್ತದೆ. ನಿಮ್ಮ ತಲೆಮಾರಿಗೆ ಶಾಲೆಯ ವಾಸನೆ ಎಂದರೆ ಬಿಸಿಯೂಟದ ಕೋಣೆಯ ಒಗ್ಗರಣೆಯ ವಾಸನೆ ಇರಬೇಕು. 2002ರ ನಂತರ ಅಕ್ಷರ ದಾಸೋಹ ರಾಜ್ಯದಲ್ಲಿ ಹಂತಹಂತವಾಗಿ ಹಬ್ಬಿತಾದ್ದರಿಂದ, ನಿಮಗಿಂತ ಹದಿನೈದು ವರ್ಷ ಹಿರಿಯರಾದವರ ಶಾಲೆಯ ನೆನಪಿನಲ್ಲಿ ಆ ವಾಸನೆಯೇ ಇಲ್ಲ. ಅವರಿಗೆ ಒದ್ದೆ ಕಂಬಳಿಕೊಪ್ಪೆ, ಸಗಣಿ ಸಾರಿಸಿದ ನೆಲ, ಬುತ್ತಿಯಲ್ಲಿ ಹುಳಿಯಾದ ಮಜ್ಜಿಗೆ ಅನ್ನ. ನೀವು ಹೋದದ್ದು ಮಳೆ ಮುಗಿದ ಮೇಲೆ. ಜೂನ್ ತಿಂಗಳಲ್ಲಿ, ಜಡಿಮಳೆ ಹೊಡೆಯುವಾಗ, ಹೊಸ ಪುಸ್ತಕ ಹಂಚುವ ವಾರದಲ್ಲಿ ಹೋಗಿದ್ದರೆ ಅಳು ಇನ್ನೂ ಜೋರಾಗಿ ಬರುತ್ತಿತ್ತು ಎಂದೇ ನನ್ನ ಊಹೆ.

ಈಗ ‘ಯಾರು ಬೇಕಾಗಿತ್ತು?’ ಎಂಬ ಪ್ರಶ್ನೆಗೆ ಬರೋಣ. ಆ ಅಕ್ಕೋರು ಅದನ್ನು ಸೌಜನ್ಯದಿಂದಲೇ ಕೇಳಿದ್ದಾರೆ, ಹಾಗೆ ಕೇಳುವುದು ಅವರ ಕರ್ತವ್ಯವೂ ಹೌದು. ಮಕ್ಕಳಿರುವ ಜಾಗಕ್ಕೆ ಅಪರಿಚಿತರು ಬಂದಾಗ ವಿಚಾರಿಸದ ಶಾಲೆ ಒಳ್ಳೆಯ ಶಾಲೆಯಲ್ಲ. ಆದರೆ ನಮ್ಮ ಕಡೆ ಒಬ್ಬರ ಗುರುತು ನಿರ್ಧಾರವಾಗುವುದು ‘ಯಾವ ಊರಾಯ್ತು, ಯಾರ ಮನೆಯವರು’ ಎಂಬ ಎರಡು ಮಾತಿನಲ್ಲಿ. ಬೆಂಗಳೂರಿನಲ್ಲಿ ಅದಕ್ಕೆ ಬೆಲೆಯಿಲ್ಲ ಎಂಬುದಕ್ಕೆ ನೀವು ನಾಲ್ಕು ವರ್ಷಗಳಲ್ಲಿ ಒಗ್ಗಿಕೊಂಡಿದ್ದೀರಿ. ಅಲ್ಲಿ ಗುರುತು ಎಂದರೆ ಕೊರಳಿಗೆ ಹಾಕುವ ಕಾರ್ಡು. ಆದರೆ ಜಗತ್ತಿನಲ್ಲಿ ಒಂದು ಜಾಗದಲ್ಲಾದರೂ ಕಾರ್ಡು ಬೇಡ, ಹೆಸರೂ ಬೇಡ, ಮುಖ ನೋಡಿದರೆ ಸಾಕು ಎಂದು ನೀವು ಒಳಗೊಳಗೇ ನಂಬಿಕೊಂಡಿದ್ದಿರಿ. ಆ ಜಾಗವೇ ನಿಮ್ಮನ್ನು ಅಪರಿಚಿತಳಂತೆ ವಿಚಾರಿಸಿತು. ನಿಮ್ಮ ಬಾಯಿ ಕಟ್ಟಿದ್ದು ಅದಕ್ಕೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ಮನೆಯವರು ನಿಮ್ಮ ಬಾಲ್ಯವನ್ನು ಕಂಡಿದ್ದಾರೆ ನಿಜ, ಆದರೆ ಬೆಳಿಗ್ಗೆಯಿಂದ ಸಂಜೆಯವರೆಗಿನ ಶಾಲೆಯ ನಿಮ್ಮನ್ನು ಅವರು ಕಂಡವರಲ್ಲ. ಅಲ್ಲಿ ನೀವು ಬಾಯಿಪಾಠ ಒಪ್ಪಿಸಿದ್ದು, ಜಗಳವಾಡಿದ್ದು, ಗ್ಯಾದರಿಂಗಿನಲ್ಲಿ (ಶಾಲೆಯ ವಾರ್ಷಿಕೋತ್ಸವದಲ್ಲಿ) ವೇಷ ಹಾಕಿದ್ದು, ಯಾರದೋ ಕಡ್ಡಿ ಕದ್ದು ಸಿಕ್ಕಿಬಿದ್ದದ್ದು ಇವಕ್ಕೆಲ್ಲ ಸಾಕ್ಷಿಗಳಾಗಿದ್ದವರು ಮಾಸ್ತರು, ಅಕ್ಕೋರು ಮತ್ತು ಜೊತೆಯ ಮಕ್ಕಳು. ಸರ್ಕಾರಿ ಶಾಲೆಯಲ್ಲಿ ಶಿಕ್ಷಕರಿಗೆ ವರ್ಗಾವಣೆಯಾಗುತ್ತದೆ, ನಿವೃತ್ತಿಯಾಗುತ್ತದೆ. ಜೊತೆಯವರು ಹುಬ್ಬಳ್ಳಿ, ಮಂಗಳೂರು, ಗೋವಾ ಎಂದು ಚದುರುತ್ತಾರೆ. ಸಾಕ್ಷಿಗಳೆಲ್ಲ ಹೋಗಿ ಸ್ಥಳ ಮಾತ್ರ ಉಳಿದಿರುವಾಗ, ಆ ಹುಡುಗಿ ನಿಜವಾಗಿ ಇದ್ದಳೇ ಎಂಬ ವಿಚಿತ್ರ ಶಂಕೆ ಹುಟ್ಟುತ್ತದೆ. ಅಂದಿನ ನಾನು ಮತ್ತು ಇಂದಿನ ನಾನು ಒಬ್ಬಳೇ ಎಂಬ ನಂಬಿಕೆಯನ್ನು ಗಟ್ಟಿಮಾಡುವುದು ಹಳಹಳಿಕೆಯ ಮುಖ್ಯ ಕೆಲಸಗಳಲ್ಲೊಂದು ಎಂದು ಸಂಶೋಧಕರು ಹೇಳುತ್ತಾರೆ. ನಿಮ್ಮ ವಿಷಯದಲ್ಲಿ ಆ ಕೆಲಸ ಅರ್ಧಕ್ಕೆ ನಿಂತಿದೆ. ಮೂರು ವಾರದಿಂದ ಮನಸ್ಸು ಅಲ್ಲೇ ಸುತ್ತುತ್ತಿರುವುದಕ್ಕೆ ಕಾರಣ ಶಾಲೆಯ ಮೇಲಿನ ಪ್ರೀತಿಯೊಂದೇ ಅಲ್ಲ, ಈ ಅಪೂರ್ಣತೆ ಎಂದು ನಾನು ತಿಳಿಯುತ್ತೇನೆ.

ಇದರೊಂದಿಗೆ ಬೆರೆತು ಹೋಗಿರುವ ಇನ್ನೊಂದು ದುಃಖವನ್ನು ಬೇರ್ಪಡಿಸಿ ನೋಡಬೇಕು. 60 ಮಕ್ಕಳ ಶಾಲೆ 13 ಮಕ್ಕಳಿಗೆ ಇಳಿದದ್ದು ನಿಮ್ಮ ಮನಸ್ಸಿನ ಆಟವಲ್ಲ, ಹೊರಗೆ ನಡೆದಿರುವ ಸಂಗತಿ. ಘಟ್ಟದ ಮೇಲಿನ ಹಳ್ಳಿಗಳಲ್ಲಿ ಮನೆಗಳೇ ಚದುರಿ ದೂರದೂರ ಇವೆ, ಮನೆಗೊಂದೋ ಎರಡೋ ಮಗು, ಅವರಲ್ಲೂ ಹಲವರು ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಯ ಬಸ್ಸು ಹತ್ತುತ್ತಾರೆ. ಮದುವೆಯಾಗಿ ಮಕ್ಕಳನ್ನು ಶಾಲೆಗೆ ಕಳಿಸಬೇಕಾಗಿದ್ದ ನಿಮ್ಮ ವಯಸ್ಸಿನವರು ಬೆಂಗಳೂರಿನಲ್ಲಿದ್ದಾರೆ. ಈ ಕೊನೆಯ ಮಾತು ನಿಮಗೂ ಹೊಳೆದಿರಬಹುದು, ಹೊಳೆದು ಒಂದಿಷ್ಟು ಅಪರಾಧಭಾವವನ್ನೂ ಹುಟ್ಟಿಸಿರಬಹುದು. ಅದನ್ನು ಹೊತ್ತುಕೊಳ್ಳಬೇಡಿ ಎಂದು ಹೇಳುತ್ತೇನೆ. ಒಬ್ಬರ ಉದ್ಯೋಗದಿಂದ ಒಂದು ಶಾಲೆ ಬರಿದಾಗುವುದಿಲ್ಲ. ಆದರೆ ಊರಿನ ಬಗೆಗಿನ ಕಾಳಜಿಯನ್ನು ಬಾಲ್ಯದ ಹಂಬಲವೆಂದು ತಪ್ಪಾಗಿ ಹೆಸರಿಸಿಕೊಂಡು ಮರುಗುವುದೂ ಬೇಡ. ನಮ್ಮ ಜಿಲ್ಲೆಯಲ್ಲಿ ಶಾಲೆ ಎಂಬ ಸ್ಥಳವೇ ಇಲ್ಲವಾದವರು ಸಾಕಷ್ಟಿದ್ದಾರೆ. ಕಾಳಿ ನದಿಗೆ ಕಟ್ಟಿದ ಅಣೆಕಟ್ಟೆಯ ನೀರಿನಲ್ಲಿ ಹಳೆಯ ಸೂಪಾ ಪೇಟೆ ಮುಳುಗಿ, ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ ಮತ್ತು ಅಂಕೋಲಾ ನಡುವಿನ ಕಡಲಂಚಿನ ಹಳ್ಳಿಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ ಬಿಟ್ಟು ಎದ್ದುಹೋದವು. ಅಲ್ಲಿಂದ ಬಂದವರೊಡನೆ ಮಾತಾಡುವಾಗ ನಾನು ಗಮನಿಸಿರುವ ಸಂಗತಿ ಎಂದರೆ, ಹೋಗಿ ನಿಲ್ಲಲು ಸ್ಥಳವಿಲ್ಲದಿದ್ದರೂ ಜೊತೆಗೆ ಕೂತು ನೆನೆಯಲು ನಾಲ್ಕು ಜನ ಇರುವವರು ಅಷ್ಟಾಗಿ ಕುಸಿಯುವುದಿಲ್ಲ. ಸ್ಥಳವಿದ್ದೂ ಜನವಿಲ್ಲದ ನಿಮ್ಮಂಥವರ ಸಂಕಟ ಇದಕ್ಕೆ ತಿರುಗುಮುರುಗು.

ಆದ್ದರಿಂದ ನನ್ನ ಮೊದಲ ಸಲಹೆ, ಜನರನ್ನು ಹುಡುಕಿ. ನಿಮಗೆ ಕಲಿಸಿದವರು ಎಲ್ಲಿದ್ದಾರೆಂದು ಹೊಸ ಅಕ್ಕೋರಿಗೆ ಗೊತ್ತಿಲ್ಲದಿದ್ದರೂ ಊರಿನ ಹಿರಿಯರಿಗೋ ಶಾಲಾಭಿವೃದ್ಧಿ ಸಮಿತಿಯವರಿಗೋ ಖಂಡಿತ ಗೊತ್ತಿರುತ್ತದೆ. ನಿವೃತ್ತರಾದ ಒಬ್ಬ ಮಾಸ್ತರರ ಮನೆಗೆ ಹೋಗಿ ಒಂದು ಗಂಟೆ ಕೂತರೆ, ಅವರು ನಿಮ್ಮನ್ನು ಗುರುತಿಸಲು ತಡವರಿಸಿದರೂ, ಅಪ್ಪನ ಹೆಸರೋ ಅಕ್ಕನ ಹೆಸರೋ ಹೇಳಿದೊಡನೆ ದಾರಿ ತೆರೆಯುತ್ತದೆ. ಜೊತೆಯಲ್ಲಿ ಓದಿದವರಲ್ಲಿ ಇಬ್ಬರು ಮೂವರನ್ನು ಪ್ರತ್ಯೇಕವಾಗಿ ಮಾತಾಡಿಸಿ. ಹಳೆ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪುಗಳ ಮೇಲೆ ನನಗೆ ಅಷ್ಟು ವಿಶ್ವಾಸವಿಲ್ಲ. ಅಲ್ಲಿ ನಾಲ್ಕು ಫೋಟೋ, ‘ಆ ದಿನಗಳೇ ಚೆಂದ’ ಎಂಬ ಮಾತು, ಆಮೇಲೆ ಹುಟ್ಟುಹಬ್ಬದ ಶುಭಾಶಯ ಇಷ್ಟರಲ್ಲೇ ಎಲ್ಲವೂ ಮುಗಿಯುತ್ತದೆ.

ಮಾತಾಡಿಸುವಾಗ ಒಂದಕ್ಕೆ ಸಿದ್ಧರಾಗಿರಿ: ಅವರ ಶಾಲೆ ನಿಮ್ಮ ಶಾಲೆಯಾಗಿರುವುದಿಲ್ಲ. ಅಹಿತ ಘಟನೆಗಳಿಗೆ ಅಂಟಿದ ಭಾವನೆಯ ಕಾವು ಹಿತವಾದ ಘಟನೆಗಳದ್ದಕ್ಕಿಂತ ಬೇಗ ಆರುತ್ತದೆ ಎಂಬುದು ನೆನಪಿನ ಅಧ್ಯಯನಗಳಲ್ಲಿ ಚೆನ್ನಾಗಿ ಸ್ಥಾಪಿತವಾದ ಸಂಗತಿ. ಅದರಿಂದಾಗಿ ಹೆಚ್ಚಿನವರ ಬಾಲ್ಯ ಹಿಂದಿರುಗಿ ನೋಡುವಾಗ ಇದ್ದದ್ದಕ್ಕಿಂತ ತುಸು ಹೆಚ್ಚು ಬೆಳಗುತ್ತದೆ. ಆದರೆ ಎಲ್ಲರದ್ದೂ ಅಲ್ಲ. ಮಕ್ಕಳನ್ನು ಹೊಡೆಯುವುದನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿತು. ಆ ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್‌ನಲ್ಲಿ, ಅಂದರೆ ನೀವು ಶಾಲೆಗೆ ಸೇರಿ ಹಲವು ವರ್ಷಗಳಾದ ಮೇಲೆ. ಬೆತ್ತದ ಭಯಕ್ಕೆ ಶಾಲೆ ಬಿಟ್ಟವನು, ಹಿಂದಿನ ಸಾಲಿನಲ್ಲೇ ಏಳು ವರ್ಷ ಕೂತವಳು, ಜಾತಿಯ ಕಾರಣಕ್ಕೆ ನೀರಿನ ಕೊಡದ ಬಳಿ ಹಿಂಜರಿದು ನಿಂತವರು ನಿಮ್ಮ ಜೊತೆಯಲ್ಲೇ ಇದ್ದಿರಬಹುದು. ಅವರು ‘ನನಗೆ ಆ ಕಡೆ ಹೋಗಬೇಕು ಅನ್ನಿಸುವುದೇ ಇಲ್ಲ’ ಎಂದರೆ ನಿಮ್ಮ ನೆನಪು ಸುಳ್ಳಾಗುವುದಿಲ್ಲ, ಆದರೆ ಅದು ಪೂರ್ತಿಯಾಗುವುದು ಆ ಮಾತನ್ನೂ ಕೇಳಿಸಿಕೊಂಡಾಗ. ನೆನಪು ಎಂಬುದು ಪೆಟ್ಟಿಗೆಯಲ್ಲಿಟ್ಟು ಬೇಕಾದಾಗ ತೆಗೆಯುವ ವಸ್ತುವಲ್ಲ, ಪ್ರತಿ ಸಲವೂ ಒಂದಿಷ್ಟು ಹೊಸದಾಗಿ ಕಟ್ಟಿಕೊಳ್ಳುವಂಥದ್ದು.

ಇನ್ನು, ಬೆಂಗಳೂರಿನ ನಿಮ್ಮ ದಿನಗಳ ಬಗ್ಗೆ ಪತ್ರದಲ್ಲಿ ನೀವು ಏನನ್ನೂ ಬರೆದಿಲ್ಲ. ಸಂಜೆ ಕೆಲಸ ಮುಗಿದ ಮೇಲೆ ಮಾತಾಡಲು ಯಾರಿದ್ದಾರೆ, ಕೆಲಸ ಹಿಡಿಸಿದೆಯೇ, ಮದುವೆಯ ಮಾತುಕತೆಯ ಒತ್ತಡವಿದೆಯೇ ಎಂಬುದನ್ನು ನೀವೇ ಕೇಳಿಕೊಳ್ಳಿ. ಶಾಲೆಯನ್ನು ನೆನೆದ ಮೇಲೆ ಮನಸ್ಸು ಹಗುರಾಗಿ ಯಾರಿಗಾದರೂ ಫೋನು ಮಾಡಬೇಕು ಅನ್ನಿಸಿದರೆ ಆತಂಕಕ್ಕೆ ಕಾರಣವಿಲ್ಲ. ನೆನೆದಷ್ಟೂ ಈಗಿನ ಬದುಕು ಬೇಡವೆನಿಸುತ್ತ, ನಿದ್ದೆ ಮತ್ತು ಊಟ ಕೆಟ್ಟು, ಕೆಲಸದಲ್ಲಿ ಗಮನ ನಿಲ್ಲದೆ ಹೋದರೆ, ಅಥವಾ ಬದುಕೇ ಬೇಡ ಎಂಬ ಯೋಚನೆ ಒಮ್ಮೆಯಾದರೂ ಸುಳಿದರೆ, ಅದನ್ನು ಹಳಹಳಿಕೆ ಎಂದು ಕರೆದು ಸುಮ್ಮನಿರಬಾರದು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದ್ದೇ ಇದೆ.

ಮತ್ತೊಮ್ಮೆ ಹೋಗಬೇಕೇ ಎಂಬುದಕ್ಕೆ ನನ್ನ ಉತ್ತರ, ಹೋಗಿ. ಆದರೆ ಈ ಸಲ ಹೇಳಿಕಳಿಸಿ ಹೋಗಿ. ಮುಖ್ಯ ಶಿಕ್ಷಕರಿಗೆ ಮೊದಲೇ ತಿಳಿಸಿ, ‘ನಾನು ಇಂಥವರ ಮಗಳು, ಇಂಥ ವರ್ಷ ಇಲ್ಲಿ ಏಳನೇ ತರಗತಿ ಮುಗಿಸಿದವಳು’ ಎಂಬ ಒಂದು ವಾಕ್ಯವನ್ನು ಸಿದ್ಧವಾಗಿಟ್ಟುಕೊಳ್ಳಿ. ಹಿಂದಿನ ಸಲ ಇಲ್ಲದೆ ಹೋದದ್ದು ಅದೊಂದೇ. ಶಾಲೆಯ ದಾಖಲಾತಿ ಪುಸ್ತಕವನ್ನು ಶಾಶ್ವತ ದಾಖಲೆಯಾಗಿ ಕಾಯ್ದಿಡುವುದು ನಿಯಮ. ಅದರಲ್ಲಿ ನಿಮ್ಮ ಹೆಸರು, ಹುಟ್ಟಿದ ದಿನಾಂಕ, ಸೇರಿದ ದಿನ, ಬಿಟ್ಟ ದಿನ ಎಲ್ಲವೂ ಇರುತ್ತವೆ, ನಿಮ್ಮ ಸಾಲನ್ನು ತೋರಿಸಿ ಎಂದು ವಿನಂತಿಸಿದರೆ ಸಾಮಾನ್ಯವಾಗಿ ಯಾರೂ ಇಲ್ಲವೆನ್ನುವುದಿಲ್ಲ. ಆ ಬಳಿಕ ಅಲ್ಲಿರುವ 13 ಮಕ್ಕಳೊಡನೆ ಅರ್ಧ ಗಂಟೆ ಕಳೆಯಿರಿ: ಒಂದು ಕಥೆ ಓದಿ ಹೇಳಿ, ಇಲ್ಲವೇ ನೀವು ಮಾಡುವ ಕೆಲಸ ಏನೆಂದು ಅವರಿಗೆ ಅರ್ಥವಾಗುವಂತೆ ವಿವರಿಸಿ. ಉಪದೇಶ ಬೇಡ, ‘ನಮ್ಮ ಕಾಲದಲ್ಲಿ’ ಎಂದು ಆರಂಭವಾಗುವ ಮಾತಂತೂ ಬೇಡವೇ ಬೇಡ. ವಾರ್ಷಿಕ ಪರೀಕ್ಷೆಯ ದಿನಗಳನ್ನು ಬಿಟ್ಟು, ಗ್ಯಾದರಿಂಗಿನ ತಯಾರಿ ನಡೆದಿರುವ ಡಿಸೆಂಬರ್ ಅಥವಾ ಜನವರಿಯಲ್ಲಿ ಹೋದರೆ ಅಕ್ಕೋರಿಗೂ ಒಬ್ಬ ಸಹಾಯಕಿ ಸಿಕ್ಕಂತಾಗುತ್ತದೆ. ವೇಷ ಕಟ್ಟಲು, ಮಾತು ಬಾಯಿಪಾಠ ಮಾಡಿಸಲು ಆ ದಿನಗಳಲ್ಲಿ ಅಲ್ಲಿ ಎಷ್ಟು ಜನ ಇದ್ದರೂ ಸಾಲದು.